ಹೊಸ ಚೈನು, ಹಳೇ ಹಲ್ಲು

12-1-1959, ಸೋಮವಾರ

ಇವತ್ತು ಏಳು ಮನೆ. ಬಸುರಿಯರು ಮೂವರು, ಬಾಣಂತಿ ಒಬ್ಬಳು, ಮಿಕ್ಕಿದ್ದೆಲ್ಲ ಮಕ್ಕಳ ಕೆಮ್ಮು. ದೊಡ್ಡೇರಿಗೆ ವಾಪಸು ಬರುವಾಗ ದಿಬ್ಬದಲ್ಲಿ ಸೈಕಲ್ ಚೈನು ಎರಡು ಸಲ ಹಾರಿತು. ಕಾಲು ಜೋರಾಗಿ ಒತ್ತಿದೊಡನೆ ಕಟ್ — ಪೆಡಲು ಸರ್ರನೆ ಕೆಳಗಿಳಿಯುತ್ತದೆ, ಜೀವ ಬಾಯಿಗೆ ಬರುತ್ತದೆ.

ಚೈನು ಹೊಸದು. ಮೊನ್ನೆ ಶನಿವಾರ ಮಧುಗಿರಿಯ ಚನ್ನಮಲ್ಲಯ್ಯ ಹಾಕಿದ್ದು. ನನ್ನಂಥ ದಾದಿಯರಿಗೆ ಕೊಟ್ಟ ಸರ್ಕಾರಿ ಸೈಕಲ್ಲುಗಳ ರಿಪೇರಿಯೆಲ್ಲ ಅವನದೇ. ಅಂಗಡಿ ಮುಂದೆ ‘ಸೈಕಲ್ ಸ್ಪೆಷಲಿಸ್ಟ್’ ಎಂಬ ಬೋರ್ಡು. ಆ ಮನುಷ್ಯ ತನ್ನ ಮೀಸೆ ಬಿಟ್ಟು ಬೇರೇನನ್ನೂ ಗಮನವಿಟ್ಟು ನೋಡಿದವನಲ್ಲ.

ದಾರಿಯಲ್ಲಿ ಹನುಮಕ್ಕ ಸಿಕ್ಕಳು. ಮೂವತ್ತು ವರ್ಷದಿಂದ ಇಲ್ಲಿಯ ಸೂಲಗಿತ್ತಿಯಂತೆ. ಉಗುರಲ್ಲಿ ಮಣ್ಣು, ಬಾಯಿ ತುಂಬ ಎಲೆಯಡಿಕೆ. ನಾನು ಹೆರಿಗೆ ಮಾಡಿಸುವಲ್ಲೆಲ್ಲ ಬಂದು ಗೋಡೆಗೊರಗಿ ನಿಲ್ಲುತ್ತಾಳೆ. ಏನು ನೋಡುತ್ತಾಳೋ. ನೋಡಿದರೆ ತಾನೇ ತಲೆಗೆ ಏನು ಹತ್ತೀತು.

15-1, ಗುರುವಾರ

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಮಧುಗಿರಿಗೆ ಹೋದೆ. ಚನ್ನಮಲ್ಲಯ್ಯ ಸ್ಟೂಲಿನಿಂದ ಏಳಲೂ ಇಲ್ಲ.

“ಚೈನು ಹೊಸ್ದೈತೆ ಕಣಮ್ಮ. ತುಳಿಯೋದು ಬರ್ಬೇಕು. ನೀವು ಹೆಂಗಸ್ರು ಒದ್ದಂಗೆ ತುಳೀತೀರಿ, ಅದೇನ್ಮಾಡ್ತದೆ?”

ಟೀ ಕುಡಿಯುತ್ತಿದ್ದ ಇಬ್ಬರು ನಕ್ಕರು. ಆಮೇಲೆ ದೊಡ್ಡ ಉಪಕಾರವೆಂಬಂತೆ ಹಿಂದಿನ ಚಕ್ರ ಎಳೆದು ಚೈನು ಬಿಗಿ ಮಾಡಿದ. ಹೊಟ್ಟೆನೋವು ಎಂದವನ ಸೊಂಟದ ಪಟ್ಟಿ ಬಿಗಿಯುವ ವೈದ್ಯ. ಈಗ ಪೆಡಲು ಭಾರ. ಹಾರುವುದು ಮಾತ್ರ ಹಾಗೇ ಇದೆ. ಬರುವಾಗ ಹಳೇ ಚೈನನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಸರ್ಕಾರಿ ಸ್ವತ್ತು, ಆಫೀಸಿಗೆ ತೋರಿಸಬೇಕಂತೆ. ಅಷ್ಟು ಕಾನೂನು ಗೊತ್ತು ಅವನಿಗೆ.

31-1, ಶನಿವಾರ

ಎರಡು ವಾರದಿಂದ ಬರೆದಿಲ್ಲ. ಮನಸ್ಸಿರಲಿಲ್ಲ. ಇವತ್ತಿನದು ಬರೆದಿಡಬೇಕು.

ಬೆಳಿಗ್ಗೆ ಹತ್ತಕ್ಕೆ ಕರೆ ಬಂತು. ಗುಡ್ಡದಾಚೆ ಹಟ್ಟಿಯ ಪಟಾಲಮ್ಮ, ನಾಲ್ಕನೆಯ ಹೆರಿಗೆ. ಏರಿನಲ್ಲಿ ಎದ್ದು ನಿಂತು ತುಳಿದೆ. ಚೈನು ಹಾರಿತು. ಸೈಕಲ್ ಸಮೇತ ಕಲ್ಲಿನ ಮೇಲೆ ಬಿದ್ದೆ. ಮೊಣಕಾಲು ಒಡೆಯಿತು, ಮುಂದಿನ ಚಕ್ರ ಸೊಟ್ಟಗಾಯಿತು. ಸೈಕಲ್ ಅಲ್ಲೇ ಬಿಟ್ಟು ಬ್ಯಾಗು ಹೊತ್ತು ಎರಡು ಮೈಲಿ ಕುಂಟಿದೆ.

ಹೋಗುವಷ್ಟರಲ್ಲಿ ಮಗು ಹುಟ್ಟಿ ಅಳುತ್ತಿತ್ತು. ಪಟಾಲಮ್ಮನ ಕೆಳಗಿನ ಗೋಣಿಯೆಲ್ಲ ರಕ್ತ. ಹನುಮಕ್ಕ ಪಕ್ಕದಲ್ಲಿ ಕೂತು ಹೊಟ್ಟೆ ಉಜ್ಜುತ್ತಿದ್ದಳು. ಸರಿಯಾದ ಜಾಗದಲ್ಲಿ, ನಾನು ಉಜ್ಜುವ ಹಾಗೆಯೇ. ಒಲೆಯ ಮೇಲೆ ಕುದಿಯುವ ನೀರು. ಅದರಲ್ಲಿ ಬ್ಲೇಡು, ದಾರ. ಇಂಜೆಕ್ಷನ್ ಕೊಟ್ಟೆ. ಅರ್ಧ ಗಂಟೆಗೆ ರಕ್ತ ನಿಂತಿತು.

“ನೀನ್ ಮಾಡೋದ ನೋಡಿದ್ನಲ್ಲವ್ವ,” ಎಂದಳು. “ಗರ್ಬ ಗಟ್ಟಿಯಾಗೋಗಂಟ ಬುಡಬಾರ್ದು ಅಂತ ಇಂಗೇ ಇಡ್ಕಂಡಿದ್ದೆ.”

ಉಜ್ಜುವುದನ್ನು ಇವಳು ಬಿಟ್ಟಿದ್ದರೆ ಪಟಾಲಮ್ಮ ಹೋಗಿಯೇಬಿಡುತ್ತಿದ್ದಳು. ಹನುಮಕ್ಕನಿಗೆ ಏನಾದರೂ ಹೇಳಬೇಕಿತ್ತು. ಕೈ ತೊಳೆದುಕೋ ಎಂದೆ. ಆಗಲೇ ತೊಳೆದಿದ್ದಳು.

2-2, ಸೋಮವಾರ

ನಾನು ಬಿದ್ದ ಸುದ್ದಿ ಕೇಳಿ ಮಧುಗಿರಿ ಆಸ್ಪತ್ರೆಯ ಡಾಕ್ಟರು ಕರೆಸಿದರು. ಅವರ ಮೇಜಿನ ಮೇಲೆ, ಅವತ್ತು ಚೈನು ಬಿಗಿದ ಮೇಲೆ ಚನ್ನಮಲ್ಲಯ್ಯ ಬರೆದ ವರದಿ: ‘ಸೈಕಲ್ ಸರಿಯಾಗಿದೆ. ದೋಷ ಸವಾರರದು.’ ಸಹಿ ಮಾತ್ರ ಅರ್ಧ ಹಾಳೆ. ಈ ಶುಕ್ರವಾರ ಸೈಕಲ್ ಒಪ್ಪಿಸಬೇಕಂತೆ. ಕೊರಟಗೆರೆಯ ವ್ಯಾಕ್ಸಿನೇಟರಿಗೆ ಕೊಡುತ್ತಾರಂತೆ. ನನ್ನ ಎಂಟು ಹಳ್ಳಿ? “ನಡೆದು ನಿಭಾಯಿಸಿ ಸಾಬೀರಾ,” ಎಂದರು. ಇವರು ಮನೆಯಿಂದ ಆಸ್ಪತ್ರೆಗೆ ಇನ್ನೂರು ಗಜ ಜಟಕಾದಲ್ಲಿ ಬರುವವರು.

ಸಿರಾದಿಂದ ಅಮ್ಮಿಯ ಕಾಗದವೂ ಬಂದಿದೆ. ಸೈಕಲ್ ತುಳಿದದ್ದು ಸಾಕು, ಮನೆಗೆ ಬಾ ಎಂದು. ಎಲ್ಲರಿಗೂ ಎಷ್ಟು ಸುಲಭ.

4-2, ಬುಧವಾರ

ಚಕ್ರದ ಸೊಟ್ಟವನ್ನು ಊರ ಕಮ್ಮಾರ ನೆಟ್ಟಗೆ ಮಾಡಿದ. ಮಿಕ್ಕಿದ್ದಕ್ಕೆ ಸ್ಪೆಷಲಿಸ್ಟು ಬೇಡ. ರೋಗಿಯನ್ನು ನೋಡುವ ಹಾಗೆ ನೋಡಿದೆ.

ಚೈನಿನ ಒಂದು ಕೊಂಡಿಗೆ ಹುಣ್ಣಿನ ನೇರಳೆ ಔಷಧಿ ಹಚ್ಚಿ ದಿಬ್ಬದಲ್ಲಿ ತುಳಿದೆ. ನಾಡಿಯಂತೆ ಎಣಿಸಿದೆ. ಒಂದೇ ಕೊಂಡಿ ಕೆಟ್ಟಿದ್ದರೆ ಚೈನು ಒಂದು ಸುತ್ತು ಬಂದಾಗಲೊಮ್ಮೆ, ಅದೇ ಲೆಕ್ಕಕ್ಕೆ ಹಾರಬೇಕು. ಹಾಗಿಲ್ಲ. ಒಮ್ಮೆ ಐದು ಸುತ್ತಿಗೆ, ಇನ್ನೊಮ್ಮೆ ಹನ್ನೊಂದಕ್ಕೆ. ಒತ್ತಿದಾಗ ಮಾತ್ರ, ಸಮದಾರಿಯಲ್ಲಿ ಇಲ್ಲ. ಹಿಂದೆ ಚೈನು ಕೂರುವ ಹಲ್ಲುಚಕ್ರ, ಆ ಫ್ರೀವೀಲಿನ ಮಣ್ಣು, ಎಣ್ಣೆ ಒರೆಸಿದೆ. ಹಲ್ಲುಗಳೆಲ್ಲ ಸವೆದು ಒಂದೇ ಕಡೆಗೆ ಕೊಕ್ಕೆಯ ಹಾಗೆ ಬಾಗಿವೆ. ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರದವು ಚೆನ್ನಾಗಿವೆ.

ಹಳೇ ಚೈನನ್ನು ಹೊಸದರ ಪಕ್ಕ ಹಾಸಿದೆ. ಕೊಂಡಿ ಎಣಿಸಿದರೆ ಅಷ್ಟೇ. ಹಳೆಯದರ ಉದ್ದ ಮಾತ್ರ ಮುಕ್ಕಾಲು ಇಂಚು ಜಾಸ್ತಿ. ಅದೂ ಹಲ್ಲುಗಳೂ ಜೊತೆಯಲ್ಲೇ ಸವೆದು ಒಂದಕ್ಕೊಂದು ಒಗ್ಗಿಹೋಗಿದ್ದವು. ಹೊಸದು ಈ ಹಲ್ಲಿಗೆ ಕೂರುವುದಿಲ್ಲ, ಹತ್ತಿ ಹಾರುತ್ತದೆ. ಹಳೆಯದನ್ನೇ ಹಾಕಿ ದಿಬ್ಬ ಹತ್ತಿದೆ. ಜೋತುಬಿದ್ದು ಸದ್ದು ಮಾಡಿತು. ಒಂದು ಸಲವೂ ಹಾರಲಿಲ್ಲ.

ಚೈನಿನ ಕ್ಲಿಪ್ಪು ಬಿಚ್ಚಿದ್ದು ಹೆರಿಗೆ ಬ್ಯಾಗಿನ ಇಕ್ಕಳದಲ್ಲಿ, ಆರ್ಟರಿ ಫೋರ್ಸೆಪ್ಸಿನಲ್ಲಿ. ಕುದಿಸಿಟ್ಟಿದ್ದೇನೆ.

6-2, ಶುಕ್ರವಾರ

ಹೊಸ ಚೈನನ್ನೇ ಮತ್ತೆ ಹಾಕಿಕೊಂಡು ಮಧುಗಿರಿಗೆ ಹೋದೆ. ಡಾಕ್ಟರ ಎದುರಿಗೇ ಚನ್ನಮಲ್ಲಯ್ಯನಿಗೆ ಹೇಳಿದೆ: ನಾನು ತುಳಿಯುವುದಿಲ್ಲ, ನೀನೇ ಆಸ್ಪತ್ರೆಯ ಏರು ಹತ್ತಿಸು.

ಮೀಸೆ ಸವರಿಕೊಂಡು ಹತ್ತಿದ. ಅರ್ಧ ಏರಿನಲ್ಲಿ ಕಟ್. ಪಂಚೆ ಚೈನಿಗೆ ಸಿಕ್ಕಿ ಹೊರಳಿಬಿದ್ದ. ನಾನು ನಗಲಿಲ್ಲ. ಅವನ ತರಚಿದ ಮೊಣಕಾಲಿಗೆ ಉರಿಯುವ ಟಿಂಕ್ಚರ್ ಹಚ್ಚಿದೆ — ಸ್ವಲ್ಪ ಜಾಸ್ತಿಯೇ. ಆಮೇಲೆ ಫ್ರೀವೀಲಿನ ಹಲ್ಲು ತೋರಿಸಿದೆ. ಒಂದೊಂದು ಹಲ್ಲಿಗೂ ಬೆರಳಿಟ್ಟು ನೋಡಿದ.

“ಚೈನ್ ಬದಲಾಯಿಸ್ದಾಗ ಇದ ನೋಡ್ಲಿಲ್ಲ,” ಎಂದ, ನೆಲ ನೋಡುತ್ತ.

ಡಾಕ್ಟರು ವರದಿಯನ್ನು ಹರಿದರು. ಸಂಜೆಯೊಳಗೆ ಹೊಸ ಫ್ರೀವೀಲು ಬಿತ್ತು. ಸೈಕಲ್ ನನಗೇ. ಪಟಾಲಮ್ಮನ ರಕ್ತದ ಮಾತು ಎತ್ತಿದೆ. ಡಾಕ್ಟರು ಜಟಕಾ ಕರೆಸಿದರು, ಚನ್ನಮಲ್ಲಯ್ಯ ಸ್ಪ್ಯಾನರು ಒರೆಸತೊಡಗಿದ.

11-2, ಬುಧವಾರ, ಮಧ್ಯಾಹ್ನ

ಐದು ದಿನ, ಒಂದು ಸಲವೂ ಹಾರಿಲ್ಲ. ನಿನ್ನೆ ಹನುಮಕ್ಕನಿಗೆ ಒಂದು ಸೋಪು, ಉಗುರು ಕತ್ತರಿ ಕೊಟ್ಟೆ. ಅವತ್ತು ಹೇಳಬೇಕಾಗಿದ್ದನ್ನೂ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ, ಸೋಪು ಮೂಸಿ ಸೆರಗಿಗೆ ಕಟ್ಟಿಕೊಂಡಳು.

ಈಗ ಹಟ್ಟಿಯಿಂದ ಮತ್ತೆ ಕರೆ, ಚೊಚ್ಚಲು ಹೆರಿಗೆ. ತಾನೂ ಬರುತ್ತೇನೆಂದು ಹನುಮಕ್ಕ ಆಗಲೇ ಬಂದು ಕ್ಯಾರಿಯರ್ ಮೇಲೆ ಕೂತಿದ್ದಾಳೆ. ಹಿಂದಿನ ಚಕ್ರಕ್ಕೆ ಗಾಳಿ ಹಾಕಬೇಕು, ಇಳಿ ಎಂದರೆ ಇಳಿಯಲೊಲ್ಲಳು. ಕೂಗುತ್ತಿದ್ದಾಳೆ. ಬ್ಯಾಗಿಗೆ ಕತ್ತರಿ, ದಾರ, ಇಂಜೆಕ್ಷನ್ ಎರಡು ಹಾಕಿದೆ, ಇನ್ನು ಪಂಪು ಎಲ್ಲಿ —