ನೀವೇ ಹೊತ್ತೊಯ್ದ ಹೆಂಚು, ನೀವೇ ಹುಡುಕುವ ಪರಂಪರೆ

ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳಾದ ಮಾನ್ಯರೇ,

ಬಂದರಿನ ಹಳೆಯ ಉಗ್ರಾಣವನ್ನು ಬರುವ ಸೋಮವಾರ ಕೆಡವಲಾಗುವುದೆಂಬ ನಿಮ್ಮ ಆದೇಶವನ್ನು ಅದರ ಬಾಗಿಲಿಗೇ ಅಂಟಿಸಲಾಗಿದೆ. ಚಂಡಮಾರುತದಲ್ಲಿ ಛಾವಣಿಯ ಮೂಲ ಸಾಮಗ್ರಿ ನಾಶವಾದ್ದರಿಂದ ಕಟ್ಟಡ ತನ್ನ ಪಾರಂಪರಿಕ ಗುಣ ಕಳೆದುಕೊಂಡಿದೆಯಂತೆ. ಇದು ಸುಳ್ಳು. ಸಾಮಗ್ರಿ ನಾಶವಾಗಿಲ್ಲ. ಅದು ನಿಮ್ಮ ಕಚೇರಿಯ ಹಿತ್ತಲಲ್ಲಿದೆ.

ನಾನು ಉಗ್ರಾಣದ ಕೆಳಗಿನ ಅಂಗಡಿಸಾಲಿನಲ್ಲಿ ಬಟ್ಟೆ ಹೊಲಿಯುವವನು. ಕಟ್ಟಡ ನಿಮ್ಮ ಇಲಾಖೆಯದು, ನಾವು ಬಾಡಿಗೆದಾರರು. ಹಾಗಾಗಿ ಪರಂಪರೆಯ ಮೇಲಿನ ನಿಮ್ಮ ಮಮತೆಯನ್ನು ಹತ್ತಿರದಿಂದ ಕಂಡಿದ್ದೇನೆ. ಬೋರ್ಡು ತೂಗುಹಾಕಲು ಒಂದೇ ಒಂದು ಮೊಳೆ ಹೊಡೆದುಕೊಳ್ಳುತ್ತೇನೆ ಎಂದು ಕೇಳಿದಾಗ, ಗೋಡೆಯ ಐತಿಹಾಸಿಕ ಮೇಲ್ಮೈಗೆ ಧಕ್ಕೆಯಾಗುತ್ತದೆ ಎಂದು ನಿರಾಕರಿಸಿದವರು ನೀವು. ಇಂದಿಗೂ ನನ್ನ ಬೋರ್ಡು ಕುರ್ಚಿಯ ಮೇಲೆ ಕೂತಿದೆ, ಗಿರಾಕಿಗಳು ನಿಂತಿರುತ್ತಾರೆ. ಮೊಳೆಯಿಂದ ನೋಯುವ ಗೋಡೆಗೆ ಬುಲ್ಡೋಜರಿನಿಂದ ಕಚಗುಳಿಯಾಗುತ್ತದೆಯೇ?

ನಮ್ಮ ತಲೆಯ ಮೇಲೆ, ಮಹಡಿಯಲ್ಲಿ, ನಡುವೆ ಒಂದು ಕಂಬವೂ ಇಲ್ಲದ ಉದ್ದನೆಯ ಹಾಲ್ ಇದೆ. ಅಲ್ಲಿ ನನ್ನ ಅತ್ತಿಗೆ ಮತ್ತು ಅವರ ಜೊತೆಯ ಹೆಂಗಸರು ಮೀನುಬಲೆಗಳ ಹರುಕು ಸರಿಮಾಡುತ್ತಾರೆ. ದೊಡ್ಡ ದೋಣಿಯ ಬಲೆಯನ್ನು ಪೂರ್ತಿ ಹರಡಲು ಊರಿನಲ್ಲಿ ಇರುವುದು ಅದೊಂದೇ ಜಾಗ. ಬಿರುಗಾಳಿ ದಡದಲ್ಲಿದ್ದ ಬಲೆಗಳನ್ನೆಲ್ಲ ಚಿಂದಿ ಮಾಡಿ ಹೋಗಿದೆ. ಅವು ಸರಿಯಾಗದೆ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ದೋಣಿಗಳು ಇಳಿಯದಿದ್ದರೆ ಮೀನು ಮಾರುವವರು, ಐಸ್ ಒಡೆಯುವವರು, ಬುಟ್ಟಿ ಹೊರುವವರು, ಕೊನೆಗೆ ಅವರ ಅಂಗಿ ಹೊಲಿಯುವ ನಾನು, ಎಲ್ಲರೂ ಕೈಕಟ್ಟಿ ಕೂರಬೇಕು. ಈಗ ಕೂತಿದ್ದೇವೆ.

ಇನ್ನು ಹೆಂಚಿನ ವಿಷಯ. ಗಾಳಿ ಎಷ್ಟೇ ಬೀಸಲಿ, ನಮ್ಮ ಬೀದಿಯಲ್ಲಿ ಒಂದು ರೂಢಿಯಿದೆ. ಹಾರಿಬಂದ ವಸ್ತು ಯಾರ ಬಾಗಿಲಲ್ಲಿ ಬಿತ್ತೋ ಅವರು ಅದನ್ನು ಎಸೆಯುವುದಿಲ್ಲ, ಒಳಗೂ ಇಟ್ಟುಕೊಳ್ಳುವುದಿಲ್ಲ. ಗೋಡೆಗೆ ಒರಗಿಸಿ ಕಾಣುವಂತೆ ಇಡುತ್ತಾರೆ. ಕಳೆದುಕೊಂಡವರು ಬಂದು ಒಯ್ಯುತ್ತಾರೆ. ಈ ಸಲವೂ ಹಾಗೇ ಆಯಿತು. ಗಾಳಿ ನಿಂತ ಮೇಲೆ ಉಗ್ರಾಣದ ಹೆಂಚು, ಕೆತ್ತನೆಯ ಮರದ ತುಂಡು, ಕಿಟಕಿಯ ರೆಕ್ಕೆ, ಎಲ್ಲವೂ ಬೀದಿಯುದ್ದಕ್ಕೂ ಮನೆಮನೆಯ ಗೋಡೆಗೆ ಒರಗಿ ನಿಂತಿದ್ದವು. ಒಡೆದಿದ್ದು ಸ್ವಲ್ಪ, ಉಳಿದಿದ್ದೇ ಹೆಚ್ಚು.

ಆಗ ನಿಮ್ಮ ಲಾರಿ ಬಂತು. "ಸಂರಕ್ಷಣಾ ಕಚೇರಿಯಿಂದ ಬಂದಿದೀವಿ" ಎಂದರು ನಿಮ್ಮ ಮೇಲ್ವಿಚಾರಕರು. ನಮಗೆ ಬೇರೇನು ಹೊಳೆಯಬೇಕು? ಕಟ್ಟಡದ ಒಡೆಯರು ತಮ್ಮ ವಸ್ತು ಒಯ್ಯಲು ಬಂದಿದ್ದಾರೆ ಎಂದುಕೊಂಡೆವು. ಬೀದಿಗೆ ಬೀದಿಯೇ ಕೈ ಹಚ್ಚಿತು. ಒಂದಕ್ಕೊಂದು ತಾಗಿ ಒಡೆಯಬಾರದೆಂದು ಬೇಕರಿಯವರು ಹಿಟ್ಟಿನ ಖಾಲಿ ಚೀಲಗಳನ್ನು ಕೊಟ್ಟರು. ನಾನು ಚಿಂದಿಬಟ್ಟೆ ತಂದು ಹೆಂಚಿನ ನಡುವೆ ತುರುಕಿದೆ. ಅತ್ತಿಗೆ ಡ್ರೈವರಿಗೆ ಚಹಾ ಕೊಟ್ಟು, "ನಿಧಾನ ಓಡ್ಸಪ್ಪಾ, ಗುಂಡಿ ನೋಡ್ಕೊಂಡು ಹೋಗು" ಎಂದರು. ಅವನು, "ಕಸಕ್ಕೆ ಯಾಕಮ್ಮ ಇಷ್ಟೊಂದು ಉಪಚಾರ?" ಎಂದು ನಕ್ಕ. ನಾವೂ ತಮಾಷೆಯೆಂದು ನಕ್ಕೆವು.

ಆಮೇಲೆ ನಿಮ್ಮ ತಪಾಸಣಾಧಿಕಾರಿ ಬಂದರು. ಹಾಲ್‌ನಲ್ಲಿ ನಿಂತು ಆಕಾಶ ನೋಡಿದರು.

"ಮೂಲ ಹೆಂಚುಗಳೆಲ್ಲಿ?"

"ನೀವೇ ತಗೊಂಡ್ ಹೋದ್ರಲ್ಲ ಸಾರ್" ಎಂದೆ ನಾನು.

"ಅದು ಸ್ವಚ್ಛತಾ ವಿಭಾಗ. ನಾನು ಮೌಲ್ಯಮಾಪನ ವಿಭಾಗ. ಸ್ಥಳದಲ್ಲಿ ಇಲ್ಲ ಅಂದ್ರೆ ಇಲ್ಲ ಅಂತಾನೇ ಬರೀಬೇಕು."

"ಹಾಗಾದ್ರೆ ನಿಮ್ಮನೇಲಿ ನೀವೂ ಇಲ್ಲವೇ ಇಲ್ಲ ಅಂತ ಬರ್ಕೋಬೇಕಲ್ವಾ? ಈಗ ಇಲ್ಲಿದೀರಲ್ಲ!" ಎಂದರು ಅತ್ತಿಗೆ.

ಹೆಂಗಸರು ನಕ್ಕರು. ಅಧಿಕಾರಿ ಕೆಂಪಾದರು. ಉಗ್ರಾಣ ಕೆಡವಿದ ಜಾಗದಲ್ಲಿ ಕಟ್ಟುವ ಹೊಸ ವಾಣಿಜ್ಯ ಸಂಕೀರ್ಣದಲ್ಲಿ ಬಲೆಯವರಿಗೆ ಒಂದು ಮಳಿಗೆ ಕೊಡುವುದಾಗಿ ಹೇಳಿದರು. ಅದು ನನ್ನ ಅಂಗಡಿಗಿಂತ ಚಿಕ್ಕದು. ಅಷ್ಟರಲ್ಲಿ ಬಲೆ ಹರಡುವುದು ಹೇಗೆ ಎಂದಾಗ, "ಸ್ವಲ್ಪ ಮಡಚ್ಕೊಂಡು ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಮಾನ್ಯರೇ, ಇಂಥ ಬುದ್ಧಿವಂತರನ್ನು ಎಲ್ಲಿಂದ ಆರಿಸಿ ತರುತ್ತೀರಿ? ನಾಳೆ ಅವರು ದೋಣಿಯನ್ನೂ ಮಡಚಲು ಹೇಳಿದರೆ ನಾವು ಆಶ್ಚರ್ಯಪಡುವುದಿಲ್ಲ.

ಕಳೆದ ವಾರ ನಾನೇ ನಿಮ್ಮ ಕಚೇರಿಗೆ ಬಂದಿದ್ದೆ. ಸಾಹೇಬರು ಸಭೆಯಲ್ಲಿದ್ದಾರೆ ಎಂದರು. ಪರಂಪರೆಯ ಉಳಿವಿನ ಬಗೆಗಿನ ಸಭೆಯೇ ಇರಬೇಕು, ಕದ್ದು ಕೇಳಲು ಹೋಗಲಿಲ್ಲ. ಕಾಯುತ್ತಾ ಅಂಗಳದಲ್ಲಿ ಅಡ್ಡಾಡಿದೆ. ನಿಮ್ಮ ಹೂವಿನ ಪಾತಿಗಳ ಅಂಚಿಗೆ ನಮ್ಮ ಹೆಂಚುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಮಾಲಿಯ ಕೆಲಸ ಅಚ್ಚುಕಟ್ಟಾಗಿದೆ, ಇಲಾಖೆಯಲ್ಲಿ ಏನನ್ನಾದರೂ ಸಂರಕ್ಷಿಸುತ್ತಿರುವವನು ಅವನೊಬ್ಬನೇ. ಮಿಕ್ಕ ರಾಶಿ ಹಿಂದಿನ ಬೇಲಿಯ ಒಳಗೆ, ಮಳೆಗೆ ಬಿದ್ದಿದೆ. ಹೆಂಚಿನ ನಡುವೆ ನನ್ನ ಚಿಂದಿಬಟ್ಟೆ ಇನ್ನೂ ಹಾಗೇ ಇದೆ. ನಾಶವಾದ ವಸ್ತುಗಳು ಇಷ್ಟು ಕ್ಷೇಮವಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಗಾಳಿಗೆ ಕಚೇರಿಯಿಲ್ಲ, ಮುದ್ರೆಯಿಲ್ಲ, ಸಂಬಳವಿಲ್ಲ. ಅದು ಛಾವಣಿಯನ್ನು ಬೀದಿಗೆ ಎಸೆದು ಹೋಯಿತು, ಬೀದಿ ಅದನ್ನು ಉಳಿಸಿಕೊಂಡಿತು. ಬೀದಿಯಿಂದಲೂ ಎತ್ತಿಕೊಂಡು ಹೋಗಿ, ಆಮೇಲೆ ಬಂದು "ಇಲ್ಲ" ಎಂದು ಬರೆಯಲು ಒಂದು ಇಲಾಖೆಯೇ ಬೇಕಾಯಿತು.

ನಮ್ಮ ಬೇಡಿಕೆ ಇಷ್ಟೆ. ಕೆಡವುವ ಆದೇಶವನ್ನು ವಾಪಸು ಪಡೆಯಿರಿ, ಹಿತ್ತಲ ಗೇಟು ತೆಗೆಸಿ. ಲಾರಿ ಬೇಡ, ತಲೆಯ ಮೇಲೆ ಹೊತ್ತು ತರುತ್ತೇವೆ. ಹೆಂಚು ಹೊದಿಸುವವರು ನಮ್ಮಲ್ಲೇ ಇದ್ದಾರೆ. ಹೂವಿನ ಪಾತಿಯ ಹೆಂಚುಗಳನ್ನು ಬೇಕಾದರೆ ಇಟ್ಟುಕೊಳ್ಳಿ.

ಒಪ್ಪದಿದ್ದರೆ, ಸೋಮವಾರ ನಿಮ್ಮ ಯಂತ್ರ ಬಂದಾಗ ಹಾಲ್‌ನಲ್ಲಿ ದೊಡ್ಡ ದೋಣಿಯ ಬಲೆ ಹರಡಿರುತ್ತದೆ. ಬಿಸಿಲಿರಲಿ, ಮಳೆಯಿರಲಿ, ಅದರ ಸುತ್ತ ನನ್ನ ಅತ್ತಿಗೆ ಮತ್ತು ಜೊತೆಯವರು ಕೂತು ಕೆಲಸ ಮಾಡುತ್ತಿರುತ್ತಾರೆ. ಅವರನ್ನು ಎಬ್ಬಿಸಲು ಯಾವ ವಿಭಾಗದವರನ್ನೂ ಕಳಿಸಬೇಡಿ. ತಾವೇ ಮೆಟ್ಟಿಲು ಹತ್ತಿ ಬನ್ನಿ.

ಇಂತಿ,
ನಿಮ್ಮ ಲಾರಿಗೆ ಹೆಂಚು ಹೊತ್ತು ಹಾಕಿದ ದಡ್ಡರಲ್ಲೊಬ್ಬ,
ಉಗ್ರಾಣದ ಟೈಲರ್