ಹಾಡು ಮುಗಿದ ಮೇಲಿನ ‘ಹ್ಞೂಂ?’

ಮನೆಯಿಂದ,
ಗುರುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೇಕರಿಯ ಒಲೆ ತಾಗಿ ಸುಟ್ಟಿದ್ದ ಕೈ ವಾಸಿಯಾಯಿತೇ? ಮುಲಾಮು ಹಚ್ಚಿಕೋ ಎಂದರೆ ಹಚ್ಚುವವನಲ್ಲ ನೀನು. ನಾವು ಕ್ಷೇಮ ಎಂದು ಬರೆಯಲು ಹೋದರೆ ಕೈ ಏಳುತ್ತಿಲ್ಲ. ನನಗೆ ಭಯವಾಗಿದೆ ಅಣ್ಣಾ. ಹೊಲಿಗೆ ಯಂತ್ರದ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕಾಗೆ ಕಾಲಿನಂತಿದ್ದರೆ ನಗಬೇಡ.

ರೇಡಿಯೋದಲ್ಲಿ ಪಾಶ್ಚಾತ್ಯ ಧಾಟಿಯ ಹಳೆಯ ಸೋಲ್, ಪಾಪ್ ಹಾಡುಗಳನ್ನು ಹಾಕುವವರಿಗೆ ನೀನು ಪತ್ರ ಬರೆದೆಯಲ್ಲ, ‘ಈ ಗಾಯಕಿ ನಮ್ಮಮ್ಮ’ ಎಂದು, ಈ ಮನೆಯ ವಿಳಾಸವನ್ನೂ ಕೊಟ್ಟು? ಬೈಯುತ್ತಿಲ್ಲ. ಆ ದನಿ ಕೇಳಿದ್ದರೆ ನಾನಾದರೂ ಊರಿಗೆಲ್ಲ ಸಾರುತ್ತಿದ್ದೆ. ಸೋಮವಾರ ಅವರೇ ಬಂದರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪುಟ್ಟ ರೆಕಾರ್ಡುಗಳನ್ನು ಹರಡಿದರು. ಒಂದೊಂದರ ಮೇಲೆ ಒಂದೊಂದು ಹೆಸರು, ಒಂದೊಂದು ಊರಿನ ಕಂಪನಿ. “ಎಲ್ಲಾ ಒಬ್ಬರೇ ಹಾಡಿರೋದು ಕಣ್ರೀ! ಹಾಡು ಮುಗಿದ್ಮೇಲೆ ಮೆಲ್ಲಗೆ ‘ಹ್ಞೂಂ?’ ಅಂತಾರಲ್ಲ, ಅದೇ ಅವರ ರುಜು” ಎಂದು ಕುಣಿದಾಡಿದರು. ಹಾಡು ಹಾಕಿದರು. ನಾನು ಗುನುಗಿದರೇ ಗದರುವ ನಮ್ಮಮ್ಮನ ಕಂಠ ಅಣ್ಣಾ, ಮೈ ಜುಮ್ಮೆಂದಿತು! ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಂದಳು. ತಿರುಗುತ್ತಿದ್ದ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿದಳು. ಆಮೇಲೆ ಹೋಗಿ ಹಿತ್ತಲ ಬಾಗಿಲ ಚಿಲಕ ಹಾಕಿದಳು.

ಅವರು ಹೋದ ಮೇಲೆ ಎಲ್ಲ ಹೇಳಿದಳು. ಒಬ್ಬ ಟ್ರಂಪೆಟ್ ನುಡಿಸುವವನಿದ್ದನಂತೆ. ರೆಕಾರ್ಡಿಂಗ್ ಕೋಣೆಯಲ್ಲಿ ಎದುರಿಗೇ ನಿಲ್ಲುತ್ತಿದ್ದ. ಒಂದು ಸ್ವರ ಜಾರಿದರೂ ಮನೆಗೆ ಹೋದ ಮೇಲೆ ಬಡಿಯುತ್ತಿದ್ದ. ಅದಕ್ಕೇ ಹಾಡು ಮುಗಿದೊಡನೆ ಅವನ ಮುಖ ನೋಡಿ ‘ಹ್ಞೂಂ?’ ಎನ್ನುತ್ತಿದ್ದಳು, ಸರಿಯಾಯಿತಾ ಎಂದು. ಜನಕ್ಕೆ ಅದೇ ಇಷ್ಟವಾಗಿಬಿಟ್ಟಿತು! ಓಡಿಹೋಗಿ ಬೇರೆ ಊರಿನಲ್ಲಿ ಬೇರೆ ಹೆಸರಿಟ್ಟುಕೊಂಡು ಹಾಡಿದರೂ ಆ ಅಭ್ಯಾಸ ಬಿಡಲಿಲ್ಲ. ರೆಕಾರ್ಡು ಕೇಳಿ ಅವನು ಹುಡುಕಿಕೊಂಡು ಬರುತ್ತಿದ್ದ, ಅತ್ತು ಕರೆದು ವಾಪಸು ಕರೆದೊಯ್ಯುತ್ತಿದ್ದ. ಕೊನೆಗೆ ಹಾಡುವುದನ್ನೇ ಬಿಟ್ಟಳು. ತಟ್ಟೆಗೆ ಬಡಿಸಿ, ನಮ್ಮ ಮುಖ ನೋಡಿ ‘ಹ್ಞೂಂ?’ ಎನ್ನುತ್ತಿದ್ದಳಲ್ಲ, ನಾವಿಬ್ಬರೂ ಅಣಕಿಸಿ ನಗುತ್ತಿದ್ದೆವಲ್ಲ.

ಭಾನುವಾರ ಅಮ್ಮನ ಹಾಡು ಹಾಕಬೇಕೆಂದಿದ್ದ ಕಾರ್ಯಕ್ರಮ ನಿಲ್ಲಿಸಿ ಎಂದು ರೇಡಿಯೋದವರ ಬಳಿಗೆ ಓಡಿದೆ. ಪಾಪ, ಒಳ್ಳೆಯವರು, ತಕ್ಷಣ ಒಪ್ಪಿದರು. ಆದರೆ ಟ್ರಂಪೆಟ್ಟಿನವನ ವಿಷಯ ಕೇಳಿ ಅವರ ಮುಖ ಬಿಳಿಚಿಕೊಂಡಿತು. “ಆ ರೆಕಾರ್ಡುಗಳನ್ನ ಕೊಟ್ಟೋರೇ ಒಬ್ಬ ವಯಸ್ಸಾದೋರು. ಟ್ರಂಪೆಟ್ ನುಡಿಸ್ತಿದ್ರಂತೆ. ಹಾಡಿದೋರನ್ನ ಹೇಗಾದ್ರೂ ಹುಡುಕಿಕೊಡಿ ಅಂತ ಅಳೋರು. ನಿಮ್ಮಣ್ಣನ ಪತ್ರ ಬಂದ ದಿನಾನೇ ತೋರಿಸ್ಬಿಟ್ಟೆ.” ಕುರಿ ಕಾಯಲು ತೋಳನನ್ನು ಇಟ್ಟಂತಾಯಿತು ನೋಡು.

ಇವತ್ತೇ ಮನೆ ಬಿಡುತ್ತಿದ್ದೇವೆ. ಹೊಲಿದಿಟ್ಟ ರವಿಕೆಗಳನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ, ಯಂತ್ರ ಇಲ್ಲೇ ಇರುತ್ತದೆ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೂ ಎದ್ದು ಹೋಗಿ ಚಿಲಕ ನೋಡಿ ಬರುತ್ತಿದ್ದೇನೆ. ಅಮ್ಮ ನಿನ್ನ ತಲೆ ಮೇಲೆ ಕೈಯಿಟ್ಟೆನೆಂದು ಬರೆ ಎಂದಳು. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ನಿನ್ನ ತಂಗಿ,
ಗುಂಡುಸೂಜಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಆ ಟ್ರಂಪೆಟ್ಟಿನವನೇ ನಮ್ಮಪ್ಪ. ಸತ್ತಿಲ್ಲ. ಅಮ್ಮ ಕೊನೆಯ ಸಲ ಓಡಿದಾಗ ನೀನು ಕಂಕುಳಲ್ಲಿದ್ದೆ, ನಾನು ಹೊಟ್ಟೆಯಲ್ಲಿದ್ದೆ. ನಿನ್ನ ಲಕೋಟೆಯ ಹಿಂದೆ ನಿನ್ನ ಕೋಣೆಯ ವಿಳಾಸವಿತ್ತು, ಅದನ್ನೂ ಅವನು ನೋಡಿದ್ದಾನೆ. ಚಿಕ್ಕಂದಿನಲ್ಲಿ ಮಾತೆತ್ತಿದರೆ “ನಮ್ಮಪ್ಪ ಇದ್ದಿದ್ರೆ” ಎನ್ನುತ್ತಿದ್ದವನು ನೀನು. ಅವನು ಬಾಗಿಲಲ್ಲಿ ನಿಂತು “ಮಗಾ” ಎಂದರೆ ಕರಗಿಹೋಗುತ್ತೀಯ. ತೆರೆಯಬೇಡ ಅಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ. ಈ ಪತ್ರ ತಲುಪುವ ಮೊದಲೇ ಅವನನ್ನು ಒಳಗೆ ಕರೆದಿದ್ದರೂ ಕರೆದಿರಬಹುದು ನೀನು. ಅದಕ್ಕೇ ನಾವು ಎಲ್ಲಿಗೆ ಹೋಗುತ್ತಿದ್ದೇವೆಂದು ನಿನಗೂ ಬರೆದಿಲ್ಲ.