ಏಳು ಗಂಟು ನನ್ನವೇ

ಸೆಪ್ಟೆಂಬರ್ 3, ಸಂಜೆ 6.10

ಬ್ಯಾಂಕ್ ಕಟ್ಟಡಕ್ಕೆ ಬಣ್ಣ ಬಳಿಯಲು ಕಟ್ಟಿದ್ದ ಸಾರವೆ ಬಿಚ್ಚಿದ್ದಾಯಿತು. ಬಿದಿರು ಗಳ ನೂರಾ ಹತ್ತು, ಎಲ್ಲಾ ವಾಪಸ್. ಹಗ್ಗ ಎರಡು ಸುರುಳಿ ಹಳತು — ಬಿಸಾಡಬೇಕು. ನಾಳೆಯಿಂದ ಕೈಯಲ್ಲಿ ಕೆಲಸವಿಲ್ಲ. ಐದೂ ಜನ ಆಳುಗಳು ನನ್ನ ಮುಖ ನೋಡುತ್ತಾರೆ, ನಾನು ಫೋನ್ ನೋಡುತ್ತೇನೆ.

ಸಿಕ್ಕರೆ ಶಾಲೆಯ ಕೆಲಸ. ನಾಲ್ಕು ಮಹಡಿ, ಸುತ್ತಲೂ ಸಾರವೆ, ಎಂಟು ತಿಂಗಳು. ಅಲ್ಲಿನ ಮ್ಯಾನೇಜರ್‌ಗೆ ನಮ್ಮ ಕೆಲಸ ಗೊತ್ತು, ರೇಟೂ ಒಪ್ಪಿಗೆ. ಕೇಳಿದ್ದು ಒಂದೇ — ಮೂರು ವರ್ಷ ಟ್ಯಾಕ್ಸ್ ರಿಟರ್ನ್ ಹಾಕಿದ್ದಕ್ಕೆ ರಸೀದಿ, ಮೂವತ್ತನೇ ತಾರೀಖಿನೊಳಗೆ.

ಆಡಿಟರ್‌ಗೆ ಫೋನ್. ಏಳನೇ ಸಲಕ್ಕೆ ಎತ್ತಿದರು.

"ನನ್ನ ರಿಟರ್ನೆಲ್ಲಾ ಹಾಕಿದೀರಲ್ಲ ಸಾರ್?"

"ಆಯ್ತಪ್ಪ, ಆಯ್ತು. ನೀನು ನಿಶ್ಚಿಂತೆಯಾಗಿರು."

ಅಷ್ಟು ಹೇಳಿ ಫೋನ್ ಇಟ್ಟೇಬಿಟ್ಟರು.

ಹನ್ನೊಂದು ವರ್ಷದಿಂದ ಅವರೇ. ಮೂರು ತಿಂಗಳಿಗೊಂದು ಚೀಲ — ಬಿಲ್ಲು, ಚೀಟಿ ಎಲ್ಲಾ ತುಂಬಿ, ಬಾಯಿ ಕಟ್ಟಿ ಅವರ ಮೇಜಿನ ಮೇಲಿಡುತ್ತೇನೆ. ಅವರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಾ ಬಂದಿದ್ದೇನೆ. "ಇಲ್ಲಿ ಹಾಕು. ಓದೋಕೇನಿಲ್ಲ." ನಾನೂ ಓದಿದವನಲ್ಲ. ಹೆಂಡತಿ ಅವರಿಗಿಟ್ಟ ಹೆಸರು ಆಯ್ತಪ್ಪ.

ಸೆಪ್ಟೆಂಬರ್ 5

ರಸೀದಿ ಕಳಿಸಿ ಎಂದು ಮೆಸೇಜ್ ಹಾಕಿದೆ. ತೆರೆದು ನೋಡಿಯೇ ಇಲ್ಲ.

ಸೆಪ್ಟೆಂಬರ್ 9, ಮಧ್ಯಾಹ್ನ

ನೋಟಿಸ್. ಟ್ಯಾಕ್ಸ್ ಆಫೀಸಿನಿಂದ, ನನ್ನ ಹೆಸರಿಗೆ. ಎರಡು ವರ್ಷದ ರಿಟರ್ನ್ ಬಂದಿಲ್ಲವಂತೆ. ಮೂರು ಸಲ ಓದಿದೆ. ಆರನೇ ಮಹಡಿಯ ಎತ್ತರದಲ್ಲಿ ಒಂಟಿ ಗಳದ ಮೇಲೆ ನಡೆದಾಡುವವನು ನಾನು, ಒಂದು ಹಾಳೆ ಹಿಡಿದು ಗೋಡೆಗೆ ಒರಗಿದೆ.

ಫೋಟೋ ಕಳಿಸಿ ಫೋನ್ ಮಾಡಿದೆ.

"ಅದ್ರಲ್ಲೇನಿದೆ, ಸ್ವಲ್ಪ ಓದಿ ಹೇಳಪ್ಪ."

"ಕಳಿಸಿದೀನಲ್ಲ ಸಾರ್, ನೋಡಿ."

"ನೀನೇ ಓದು."

ಓದಿದೆ. ಸೋಮಾರಿ! ಇಲ್ಲಿ ನನಗೆ ಬೆಂಕಿ ಬಿದ್ದಿದೆ, ಇವರಿಗೆ ನಾನು ಪಾಠ ಒಪ್ಪಿಸಬೇಕು. ಎಲ್ಲಾ ಕೇಳಿ ಆದ ಮೇಲೆ ಹೇಳಿದರು: "ಅವರ ಕಂಪ್ಯೂಟರ್‌ದೇ ತಪ್ಪಿರ್ಬೇಕು. ನೋಡ್ತೀನಿ."

ಹೆಂಡತಿ ಹೇಳಿದಳು: "ಇಷ್ಟು ವರ್ಷ ಕಣ್ಣು ಮುಚ್ಚಿ ಸಹಿ ಹಾಕಿದ್ರಲ್ಲ, ಈಗಾದ್ರೂ ಕಣ್ಣು ಬಿಡಿ." ನೋಟಿಸ್ ಮಡಚಿ ಜೇಬಿಗಿಟ್ಟೆ.

ಸೆಪ್ಟೆಂಬರ್ 12

ದೊಡ್ಡ ರಸ್ತೆಯ ಸಿಗ್ನಲ್ ಹತ್ತಿರ ಸಿಕ್ಕರು. ಎದುರಿಗೇ. ಕೈ ಎತ್ತಿದೆ. ನೇರ ನನ್ನ ಮುಖಕ್ಕೇ ಮುಖ ಕೊಟ್ಟು, ಗುರುತೇ ಇಲ್ಲದವರಂತೆ ದಾಟಿಕೊಂಡು ಹೋದರು. ಕೂಗುವಷ್ಟರಲ್ಲಿ ಗುಂಪಿನಲ್ಲಿ ಮರೆಯಾದರು. ಹಾಗೆ ಹೋಗುವುದಕ್ಕೆ ಎಷ್ಟು ಗಟ್ಟಿ ಗುಂಡಿಗೆ ಬೇಕು...

ಊಟ ಸೇರಲಿಲ್ಲ.

ಸೆಪ್ಟೆಂಬರ್ 13

ಫೋನ್ ಎತ್ತುತ್ತಿಲ್ಲ.

ಸೆಪ್ಟೆಂಬರ್ 14

ಎತ್ತುತ್ತಿಲ್ಲ. ಆಳುಗಳಲ್ಲಿ ಹಿರಿಯವನು ಮನೆಗೆ ಬಂದಿದ್ದ. "ಅಣ್ಣ, ಶಾಲೆ ಕೆಲ್ಸ ಆಗತ್ತೋ ಇಲ್ವೋ ಹೇಳ್ಬಿಡಿ. ಬೇರೆ ಕಡೆಯಿಂದ ಕರೀತಿದಾರೆ." "ಆಗತ್ತಪ್ಪ, ನಿಶ್ಚಿಂತೆಯಾಗಿರು" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಯಾರ ಮಾತು ನನ್ನ ಬಾಯಲ್ಲಿ ಬಂತೆಂದು.

ಸೆಪ್ಟೆಂಬರ್ 20, ಬೆಳಿಗ್ಗೆ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿದೆ, ಎತ್ತದ ಫೋನಿನ ಲೆಕ್ಕವನ್ನೇ? ನಿನ್ನೆ ಹೊಸ ಆಡಿಟರ್ ಹತ್ತಿರ ಹೋಗಿದ್ದೆ — ಗಾಜಿನ ಬಾಗಿಲು, ನಗುವೇ ಇಲ್ಲದ ಹೆಂಗಸು. "ಎರಡು ವರ್ಷದ್ದಾ? ಪೇಪರ್ ತಂದ್ಕೊಡಿ. ಒಂದೂವರೆ ತಿಂಗಳು ಬೇಕು." ಉಳಿದಿರುವುದು ಹತ್ತು ದಿನ. ಆದರೂ ಪೇಪರ್ ನನ್ನ ಕೈಯಲ್ಲಿರಲಿ. ಇವತ್ತು ತಂದೇ ತರುತ್ತೇನೆ.

ಅದೇ ದಿನ, ಮಧ್ಯಾಹ್ನ 3

ಚೀಲಗಳು ಮನೆಗೆ ಬಂದವು. ನಮ್ಮ ಹಳೇ ಆಡಿಟರ್ ಆಫೀಸಿನಲ್ಲಿರಲಿಲ್ಲ. ಕೆಳಗಿನ ಅಂಗಡಿಯವರು ಕೀಲಿ ತೆಗೆದು ಕೊಟ್ಟರು. ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸು ಕೆಲಸ ಬಿಟ್ಟು ಎರಡು ವರ್ಷವಾಯಿತಂತೆ. ಅವಳ ಕುರ್ಚಿಯ ಮೇಲೆ ಹಳೇ ಪೇಪರು. ಒಳಕೋಣೆಯ ಗೋಡೆಗೆ ಒರಗಿಸಿ ನನ್ನ ಎಂಟು ಚೀಲ.

ಗಂಟು ನೋಡಿದೆ.

ನನ್ನ ಗಂಟು ನನಗೆ ಗೊತ್ತಿಲ್ಲವೇ? ಸಾರವೆಗೆ ಹಾಕುವ ಗಂಟು — ಎರಡು ಸುತ್ತು, ಅಡ್ಡ ಒಂದು, ತುದಿ ಒಳಗೆ. ಅಪ್ಪ ಕಲಿಸಿದ್ದು. ಬೇರೆಯವರು ಬಿಚ್ಚಬಹುದು, ಹಾಗೇ ಮತ್ತೆ ಕಟ್ಟಲಾರರು. ಏಳು ಚೀಲದ ಗಂಟು ನಾನು ಹಾಕಿದ್ದು ಹಾಕಿದ ಹಾಗೇ ಇವೆ. ಮೇಲೆ ಧೂಳು. ಬಿಚ್ಚಿಯೇ ಇಲ್ಲ! ಆಯ್ತಪ್ಪ ಆಯ್ತು, ಆಯ್ತಪ್ಪ ಆಯ್ತು — ಏನಾಯ್ತು, ನನ್ನ ತಲೆ!

ಒಂದೊಂದೇ ಚೀಲ ಹೊತ್ತು ಕೆಳಗಿಳಿಸಿದೆ. ದಿನಾ ಬೆಳಿಗ್ಗೆ ಒಂದೊಂದು ಗಂಟೂ ಎಳೆದು ನೋಡದೆ ಯಾರನ್ನೂ ಮೇಲೆ ಹತ್ತಿಸುವವನಲ್ಲ ನಾನು. ಇಲ್ಲಿ ಎರಡು ವರ್ಷದಿಂದ ಅವರು ಒಂದು ಸಹಿಯನ್ನೂ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ ಎಂದು ನನಗೆ ಹೊಳೆಯಲೂ ಇಲ್ಲ.

ಸೆಪ್ಟೆಂಬರ್ 21, ಬೆಳಿಗ್ಗೆ 5.40

ಎಂಟನೆಯ ಚೀಲ ಬಿಚ್ಚಿದೆ. ಎಲ್ಲಕ್ಕಿಂತ ಹಳೆಯದು. ಅದೊಂದರ ಗಂಟು ನನ್ನದಲ್ಲ, ಹೆಣಗಾಡಿ ಹಾಕಿದ ಕಗ್ಗಂಟು. ಒಳಗೆ ಅವರ ಲೆಕ್ಕದ ಪುಸ್ತಕ. ಮೊದಲ ಪುಟ ಯಾವಾಗಿನ ಹಾಗೇ, ಇರುವೆ ಸಾಲಿನಂಥ ಅಂಕಿ. ನಾಲ್ಕು ಪುಟ ದಾಟಿದರೆ ಅಂಕಿ ಕಡಲೆ ಗಾತ್ರ. ಆಮೇಲೆ ಪುಟಕ್ಕೆ ನಾಲ್ಕೇ ಸಾಲು, ಗೆರೆ ಬಿಟ್ಟು ಕೆಳಗಿಳಿದಿವೆ, ಒಂದರ ಮೇಲೊಂದು ಕೂತಿವೆ. ಆಮೇಲೆ ಖಾಲಿ.

"ನೀನೇ ಓದು" ಎಂದಿದ್ದರು. ಸಿಗ್ನಲ್ ಹತ್ತಿರ ನನ್ನನ್ನು ನೋಡಿಯೂ ನೋಡದ ಹಾಗೆ ಹೋದದ್ದಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲ.

ಸಿಟ್ಟು ಹೋಗಲಿಲ್ಲ. ಅದರ ಪಕ್ಕದಲ್ಲಿ ಅಯ್ಯೋ ಎನಿಸಿತು, ಅಷ್ಟೆ.

ಸೆಪ್ಟೆಂಬರ್ 22

ಅವರ ಮನೆಗೇ ಹೋದೆ. ಬಾಗಿಲು ತೆಗೆದು, ಎರಡಡಿ ದೂರದಲ್ಲಿ ನಿಂತವನನ್ನು "ಯಾರು?" ಎಂದರು.

"ಸಾರವೆಯವನು ಸಾರ್."

ಪುಸ್ತಕ ಕೈಗಿಟ್ಟೆ. ರಟ್ಟಿನ ಮೇಲೆ ಬೆರಳಾಡಿಸಿದರು. ತೆರೆಯಲಿಲ್ಲ.

"ಒಂದು ಮಾತು ಹೇಳ್ಬಾರ್ದಿತ್ತಾ ಸಾರ್? ನನ್ನ ನಂಬ್ಕೊಂಡು ಐದು ಮನೆ ಒಲೆ ಉರೀಬೇಕು!" ಕೂಗಿಬಿಟ್ಟೆ.

"ಕಣ್ಣು ಕಾಣದ ಆಡಿಟರ್ ಹತ್ರ ಯಾರಪ್ಪ ಬರ್ತಾರೆ? ಆಪರೇಷನ್ ಆದ್ಮೇಲೆ ಸರಿಹೋಗತ್ತೆ ಅಂದ್ರು. ಆಮೇಲೆ ಎಲ್ಲಾ ಒಟ್ಟಿಗೆ ಮಾಡ್ಬಿಡೋಣ ಅಂತ... ಇನ್ನೊಂದ್ ತಿಂಗ್ಳು, ಇನ್ನೊಂದ್ ತಿಂಗ್ಳು ಅಂತ... ಸರಿಹೋಗ್ಲಿಲ್ಲ." ಪುಸ್ತಕ ನನಗೇ ವಾಪಸ್ ಚಾಚಿ: "ನಿಂಗೆ ಸುಳ್ಳು ಹೇಳ್ದೆ. ತಪ್ಪು ನಂದೇ."

ತಿರುಗಿ ಹೊರಟಾಗ ಹಿಂದಿನಿಂದ ಕೇಳಿದರು: "ಕಣ್ಣು ಹೋಗಿದೆ, ಲೆಕ್ಕ ಮರ್ತಿಲ್ಲ. ನೀನು ಓದ್ತೀಯಾ?"

ಸೆಪ್ಟೆಂಬರ್ 24

ಬೆಳಿಗ್ಗೆ ಏಳರಿಂದ ಆಡಿಟರ್ ನಮ್ಮ ಮನೆಯಲ್ಲಿ. ನಾನು ಓದುತ್ತೇನೆ, ಅವರು ಕೇಳುತ್ತಾರೆ, ಹೆಂಡತಿ ಕಂಪ್ಯೂಟರ್‌ನಲ್ಲಿ ತುಂಬುತ್ತಾಳೆ. ಇಪ್ಪತ್ತು ಬಿಲ್ಲಿನ ಮೊತ್ತ ಹೇಳಿ ಮುಗಿಸುವಷ್ಟರಲ್ಲಿ ಅವರು ಮನಸ್ಸಿನಲ್ಲೇ ಕೂಡಿಸಿಯಾಗಿರುತ್ತದೆ. ಕದ್ದು ಫೋನಿನಲ್ಲಿ ಕೂಡಿ ನೋಡಿದೆ. "ಏನು, ತಾಳೆ ಬಂತಾ?" ಎಂದರು. ಬಟನ್ ಸದ್ದು ಕೇಳಿಸಿತಂತೆ. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ತಿಂಗಳಾಗಿತ್ತು ಅವಳು ನಕ್ಕು.

ಮೂರು ಚೀಲ ಮುಗಿಯಿತು. ಐದಿವೆ.

ಸೆಪ್ಟೆಂಬರ್ 27

ಏಳು ಮುಗಿಯಿತು. ದಂಡ ಬಿದ್ದೇ ಬೀಳುತ್ತದೆ. ಅದರಲ್ಲಿ ಅರ್ಧ ತಾವೇ ಕೊಡುವುದಾಗಿ ಆಡಿಟರ್ ಹೇಳಿದರು. ಬೇಡ ಎನ್ನಲಿಲ್ಲ, ನಾನೇನು ಅಷ್ಟು ದೊಡ್ಡವನಲ್ಲ. ಶಾಲೆಯ ಮ್ಯಾನೇಜರ್ ಫೋನ್: "ಇನ್ನೊಬ್ರೂ ಕೇಳ್ತಿದಾರೆ. ಸೋಮವಾರ ಸಂಜೆ ಐದು ಗಂಟೆ. ಆಮೇಲೆ ನನ್ನ ಕೈಲಿಲ್ಲ."

ಸೆಪ್ಟೆಂಬರ್ 30, ಮಧ್ಯಾಹ್ನ 3.25

ಟ್ಯಾಕ್ಸ್ ಆಫೀಸಿನ ಬೆಂಚು. ಟೋಕನ್ 64. ನಡೆಯುತ್ತಿರುವುದು 61. ಕೌಂಟರ್ ನಾಲ್ಕಕ್ಕೆ ಮುಚ್ಚುತ್ತದೆ.

ಒಂದು ಗಂಟೆಯ ಹಿಂದೆ ಎಲ್ಲಾ ಸರಿಯಿತ್ತು. ಕೊನೆಯ ಹಾಳೆಗೆ ಆಡಿಟರ್ ಸಹಿ ಮಾತ್ರ ಬಾಕಿ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದಾರೆ. ಅವರ ಬೆರಳು ಹಿಡಿದು ಗೆರೆಯ ಮೇಲಿಟ್ಟೆ. "ಇಲ್ಲಿ ಹಾಕಿ ಸಾರ್. ಓದೋಕೇನಿಲ್ಲ."

ಪೆನ್ನು ಕೆಳಗಿಟ್ಟರು. "ಮೊದ್ಲಿಂದ ಓದು. ಓದ್ದೆ ಸಹಿ ಹಾಕೋಕೆ ನಾನೇನು ನೀನಾ?"

ಒಂಬತ್ತು ಹಾಳೆ. ಮನಸ್ಸಿನಲ್ಲೇ ಬೈದುಕೊಂಡು ಓದಿದೆ. ಆರನೆಯದರಲ್ಲಿ ತಡೆದರು. ಹಗ್ಗದ ಬಿಲ್ಲು ಎರಡು ಸಲ ಸೇರಿದೆ ಎಂದರು. ಸೇರಿತ್ತು. ಹಾಗೇ ಕೊಟ್ಟಿದ್ದರೆ ಕೌಂಟರಿನಿಂದಲೇ ವಾಪಸ್. ತಿದ್ದಿ ಪ್ರಿಂಟ್ ತರಲು ಹೆಂಡತಿ ಎದುರಿನ ಅಂಗಡಿಗೆ ಓಡಿದ್ದಾಳೆ. ಹೋಗಿ ಇಪ್ಪತ್ತು ನಿಮಿಷ.

3.50. ಕೂರಲಾಗದೆ ಬರೆಯುತ್ತಿದ್ದೇನೆ. 63 ಕರೆದರು. ಆಡಿಟರ್ ಕತ್ತು ಎತ್ತಿ, "ಬಂದ್ರಪ್ಪ ನಿನ್ನ ಮನೆಯವರು, ಮೆಟ್ಲ ಮೇಲೆ ಚಪ್ಪಲಿ ಸದ್ದು" ಎನ್ನುತ್ತಿದ್ದಾರೆ. ನನಗಿನ್ನೂ ಕೇಳಿಸುತ್ತಿಲ್ಲ. ಸಹಿಗೆ ಪೆನ್ನು ಕೇಳುತ್ತಿದ್ದಾರೆ, ನಮ್ಮ ಹತ್ತಿರ ಇದೊಂದೇ ಇರುವು—